ಕೋವಿ ಕಾರಿನಲ್ಲಿದ್ದಾಗ: ನಂಬಿದ್ದೇನು, ನಿಜವೇನು

ಸೆಪ್ಟೆಂಬರ್ ಮೊದಲ ವಾರ ಬೆಂಗಳೂರು, ಮೈಸೂರಿನಿಂದ ಕೊಡಗಿನ ಕಡೆ ಹೊರಡುವ ಕೆಲವು ಕಾರುಗಳಲ್ಲಿ ಕೋವಿಯೂ ಇರುತ್ತದೆ. ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಬಂದಿದೆ, ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ಆಯುಧಕ್ಕೆ ತೋಕ್ ಪೂ (ಕೋವಿ ಹೂ) ಮುಡಿಸಬೇಕು, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವಿದೆ. ಹಬ್ಬವಿಲ್ಲದ ದಿನಗಳಲ್ಲೂ ಮಲೆನಾಡಿನ ತೋಟದವರು ರಿಪೇರಿಗೆಂದು, ರೈಫಲ್ ಕ್ಲಬ್ಬಿನವರು ಸ್ಪರ್ಧೆಗೆಂದು ಕೋವಿಯನ್ನು ದೂರ ಒಯ್ಯುತ್ತಾರೆ. ಮಡಿಕೇರಿಯಿಂದ ಬೆಂಗಳೂರಿಗೆ 250 ಕಿ.ಮೀ.ಗೂ ಹೆಚ್ಚು. ಊಟ, ಕಾಫಿ, ಪೆಟ್ರೋಲು ಎಂದು ನಡುವೆ ಹಲವು ಸಲ ನಿಲ್ಲಬೇಕು. ಇಷ್ಟು ಹೊತ್ತು ಕೋವಿ ಹೇಗಿರಬೇಕು ಎಂದು ಕೇಳಿದರೆ ಅನುಭವಸ್ಥರೂ ಹೇಳುವ ಕೆಲವು ಮಾತುಗಳು ತಪ್ಪು, ಕೆಲವು ಅಪಾಯಕಾರಿ.

“ಸೇಫ್ಟಿ ಹಾಕಿದ್ದೇನೆ, ತೋಟಾ ಒಳಗಿದ್ದರೂ ಪರವಾಗಿಲ್ಲ”

ಎಲ್ಲಕ್ಕಿಂತ ಕೆಟ್ಟ ನಂಬಿಕೆ ಇದು. ನಮ್ಮಲ್ಲಿ ಹೆಚ್ಚು ಕಾಣುವ ಜೋಡುನಳಿಗೆ ಕೋವಿಯನ್ನೇ ನೋಡಿ. ಹೊರಗೆ ಕುದುರೆ (ಹ್ಯಾಮರ್) ಕಾಣದ ಮಾದರಿಯಾದರೆ, ನಳಿಗೆ ಬಾಗಿಸಿ ತೋಟಾ ತುಂಬಿ ಮುಚ್ಚುವಷ್ಟರಲ್ಲಿ ಒಳಗಿನ ಹ್ಯಾಮರುಗಳು ಸ್ಪ್ರಿಂಗಿನ ಬಿಗಿಯಲ್ಲಿ ಹೊಡೆಯಲು ಸಿದ್ಧವಾಗಿ ನಿಂತಿರುತ್ತವೆ. ಮೇಲಿನ ಸೇಫ್ಟಿ ಗುಂಡಿ ಇಂಥ ಬಹುಪಾಲು ಕೋವಿಗಳಲ್ಲಿ ಟ್ರಿಗರನ್ನಷ್ಟೇ ತಡೆಯುತ್ತದೆ, ಹ್ಯಾಮರನ್ನಲ್ಲ. ಹ್ಯಾಮರನ್ನು ಹಿಡಿದಿರುವುದು ಉಕ್ಕಿನ ಒಂದು ಸಣ್ಣ ಕಚ್ಚು. ಅಜ್ಜನ ಕಾಲದ ಕೋವಿಯಲ್ಲಿ ಆ ಕಚ್ಚು ಸವೆದಿದ್ದರೆ ಜೋರಾದ ಒಂದು ಹೊಡೆತಕ್ಕೆ ಜಾರಬಹುದು. ಹೊರಗೆ ಕುದುರೆ ಇರುವ ಹಳೆಯ ಮಾದರಿಗಳಲ್ಲಂತೂ ಎಷ್ಟೋ ಸಲ ಸೇಫ್ಟಿಯೇ ಇರುವುದಿಲ್ಲ. ಮಳೆಗಾಲ ಮುಗಿದ ಮೇಲಿನ ನಮ್ಮ ರಸ್ತೆಗಳ ಗುಂಡಿಗಳನ್ನು ನಾನು ವಿವರಿಸಬೇಕಿಲ್ಲ.

2023ರ ಜನವರಿಯಲ್ಲಿ ಅಮೆರಿಕದ ಕಾನ್ಸಾಸ್‌ನಲ್ಲಿ ಒಂದು ಪಿಕಪ್ ಗಾಡಿಯ ಹಿಂದಿನ ಸೀಟಿನಲ್ಲಿ ಬೇಟೆಯ ಸಾಮಾನಿನ ಜೊತೆ ರೈಫಲ್ ಇತ್ತು, ನಾಯಿಯೂ ಇತ್ತು. ನಾಯಿ ರೈಫಲ್ ಮೇಲೆ ಕಾಲಿಟ್ಟಿತು, ಗುಂಡು ಹಾರಿತು, ಮುಂದಿನ ಸೀಟಿನಲ್ಲಿದ್ದ ಮನುಷ್ಯ ಸತ್ತ. ಗುಂಡಿನ ಮನೆ ಖಾಲಿಯಿದ್ದಿದ್ದರೆ ನಾಯಿ ಅದರ ಮೇಲೆ ಕುಣಿದರೂ ಏನೂ ಆಗುತ್ತಿರಲಿಲ್ಲ. ನಮ್ಮ ಕಾರುಗಳ ಹಿಂದಿನ ಸೀಟಿನಲ್ಲಿ ಮಕ್ಕಳು ಕೂರುತ್ತಾರೆ.

ಹೊರಡುವ ಮೊದಲು ಮಾಡಬೇಕಾದ್ದು ಐದು ನಿಮಿಷದ ಕೆಲಸ. ಅಂಗಳದಲ್ಲಿ ನಿಂತು, ಯಾರೂ ಇಲ್ಲದ ದಿಕ್ಕಿಗೆ ಬಾಯಿ ಮಾಡಿ, ನಳಿಗೆ ಬಾಗಿಸಿ. ಎರಡೂ ಕೊಳವೆಯ ಮೂಲಕ ಆಕಾಶ ಕಾಣಬೇಕು. ಕಂಡರೂ ಕಿರುಬೆರಳಿನಿಂದ ಒಮ್ಮೆ ಮುಟ್ಟಿ ನೋಡಿ. ಸಂಜೆಗತ್ತಲಲ್ಲಿ ಕಣ್ಣು ಮೋಸ ಮಾಡುತ್ತದೆ, ಬೆರಳು ಮಾಡುವುದಿಲ್ಲ. ನಳಿಗೆಯ ಕೆಳಗಿನ ಮರದ ತುಂಡು ಕಳಚಿದರೆ ಕೊಳವೆ ಬೇರೆ, ಹಿಡಿ ಬೇರೆ ಆಗಿ ಕೈಗೆ ಬರುತ್ತದೆ. ಹೀಗೆ ಎರಡಾಗಿ ಪೆಟ್ಟಿಗೆ ಸೇರಿದ ಕೋವಿಯಿಂದ ಯಾರೂ ಗುಂಡು ಹೊಡೆಯಲಾರರು, ತಪ್ಪಿಯೂ ಹೊಡೆಯಲಾರರು. ಬೋಲ್ಟ್ ಇರುವ ರೈಫಲ್ ಆದರೆ ಬೋಲ್ಟ್ ಹೊರತೆಗೆದು ಬೇರೆ ಚೀಲದಲ್ಲಿಡಿ. ತೋಟಾಗಳು ಇನ್ನೊಂದು ಬೀಗದ ಡಬ್ಬಿಯಲ್ಲಿರಲಿ.

ಮದ್ದು ಜಡಿಯುವ ನಾಡಕೋವಿಯ ಲೆಕ್ಕವೇ ಬೇರೆ. “ಕೇಪು ತೆಗೆದಿದ್ದೇನೆ” ಎಂದು ಎಷ್ಟೋ ಜನ ಧೈರ್ಯವಾಗಿರುತ್ತಾರೆ. ಆದರೆ ಮದ್ದೂ ಚರೆಯೂ ಕೊಳವೆಯ ತಳದಲ್ಲೇ ಕೂತಿರುತ್ತವೆ. ತಿಂಗಳ ಹಿಂದೆ ಯಾರೋ ಜಡಿದಿಟ್ಟದ್ದು ಇವತ್ತು ಒಯ್ಯುವವನಿಗೆ ಗೊತ್ತೇ ಇರುವುದಿಲ್ಲ. ಮದ್ದು ಜಡಿಯುವ ಗಜವನ್ನು ಕೊಳವೆಯೊಳಗೆ ಬಿಟ್ಟು, ಅದು ಎಷ್ಟು ಆಳ ಇಳಿಯಿತೆಂದು ಹೊರಗಿನಿಂದ ಹಿಡಿದು ಅಳೆಯಿರಿ. ತಳ ಮುಟ್ಟದಿದ್ದರೆ ಒಳಗೆ ಈಡು ಇದೆ. ಅಂಥ ಕೋವಿಯನ್ನು ತಿಳಿದವರಿಂದ ಖಾಲಿ ಮಾಡಿಸದೆ ಗಾಡಿಗೆ ಹತ್ತಿಸಲೇಬಾರದು.

“ದಾರಿಯಲ್ಲಿ ಕಳ್ಳಕಾಕರು ಅಡ್ಡಗಟ್ಟಿದರೆ ಕೈಗೆ ಸಿಗಬೇಕಲ್ಲ”

ಕತ್ತಲ ರಸ್ತೆಯಲ್ಲಿ ಒಬ್ಬರೇ ಹೋಗುವವರಿಗೆ ಈ ಭಯ ಸಹಜ, ಅದನ್ನು ಹಗುರಾಗಿ ಕಾಣುವುದಿಲ್ಲ. ಆದರೆ 28 ಇಂಚಿನ ನಳಿಗೆಯ ಕೋವಿಯನ್ನು ಸ್ಟಿಯರಿಂಗ್ ಹಿಂದೆ ಕೂತು ತಿರುಗಿಸಿ ನೋಡಿ. ಬಾಯಿ ಡ್ಯಾಶ್‌ಬೋರ್ಡಿಗೋ ಪಕ್ಕದವರ ಮೊಣಕಾಲಿಗೋ ತಾಗುತ್ತದೆ. ಕಾರಿನೊಳಗೆ ಅದು ರಕ್ಷಣೆಗೆ ಒದಗುವ ಸಂದರ್ಭಕ್ಕಿಂತ ಜೊತೆಯವರ ಕಡೆಗೆ ತಿರುಗುವ ಸಂದರ್ಭವೇ ಹೆಚ್ಚು. ಗಾಡಿಯ ಬಾಗಿಲಿಗೆ ಬೀಗ ಹಾಕಿ, ನಿಲ್ಲಿಸದೆ ಜನರಿರುವ ಕಡೆ ಓಡಿಸುವುದು ಉತ್ತಮ.

“ಬಿಸಿಲಿಗೆ ಡಿಕ್ಕಿಯಲ್ಲಿಟ್ಟ ತೋಟಾ ಸಿಡಿಯುತ್ತದೆ”

ಸಿಡಿಯುವುದಿಲ್ಲ. ಬಿಸಿಲಲ್ಲಿ ನಿಂತ ಕಾರಿನ ಒಳಗೆ ಅಬ್ಬಬ್ಬಾ ಎಂದರೆ 60–70 ಡಿಗ್ರಿ ಸೆಲ್ಸಿಯಸ್ ಏರೀತು. ಇಂದಿನ ಹೊಗೆಯಿಲ್ಲದ ಮದ್ದು ತಾನಾಗಿ ಹೊತ್ತಿಕೊಳ್ಳಲು 150 ಡಿಗ್ರಿಗೂ ಮೇಲೆ ಬೇಕು. ಆದರೂ ಬೇಸಿಗೆಯಿಡೀ ಕಾರಿನಲ್ಲೇ ಬಿಟ್ಟ ತೋಟಾದ ಮದ್ದು ಕ್ರಮೇಣ ಕೆಡುತ್ತದೆ. ನಾಡಕೋವಿಯ ಕರಿಮದ್ದಿಗೆ ಕಿಡಿಯೊಂದೇ ಸಾಕು, ಅದರ ಬಳಿ ಸಿಗರೇಟು ಬೇಡ. ಕೋವಿಗೆ ನಿಜವಾದ ಶತ್ರು ಬಿಸಿಲಿಗಿಂತ ತೇವ. ಕೊಡಗಿನ ಮಳೆಯಲ್ಲಿ ನೆನೆದ ಚರ್ಮದ ಚೀಲದೊಳಗೆ ಎರಡು ದಿನ ಬಿಟ್ಟರೆ ನಳಿಗೆಗೆ ತುಕ್ಕು ಹಿಡಿದಿರುತ್ತದೆ. ಊರು ಮುಟ್ಟಿದ ರಾತ್ರಿಯೇ ಹೊರತೆಗೆದು ಒರೆಸಿ ಎಣ್ಣೆ ಹಚ್ಚಿ.

“ಕೊಡವರಿಗೆ ವಿನಾಯಿತಿ ಇದೆ, ಎಲ್ಲಿಗೆ ಹೇಗೆ ಒಯ್ದರೂ ನಡೆಯುತ್ತದೆ”

ವಿನಾಯಿತಿ ಇರುವುದು ನಿಜ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ) ಹಿಡುವಳಿದಾರರಿಗೂ ಆಯುಧ ಕಾಯ್ದೆಯ ಪರವಾನಗಿ ಬೇಕಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ಕೊಡಗಿನ ಗಡಿ ದಾಟಿದ ಮೇಲೆ ಮಿತಿಯಿದೆ: ಒಂದು ರೈಫಲ್ಲು, ಅದಕ್ಕೆ 100 ಗುಂಡು, ಒಂದು ನಯನಳಿಗೆಯ (ಸ್ಮೂತ್ ಬೋರ್) ಕೋವಿ, ಅದಕ್ಕೆ 500 ತೋಟಾ. ವಿನಾಯಿತಿ ಪತ್ರ ಜೊತೆಗಿರಬೇಕು. ಪರವಾನಗಿ ಇರುವ ಉಳಿದವರು ಅದರಲ್ಲಿ ಬರೆದ ಪ್ರದೇಶವನ್ನು ಓದಿಕೊಂಡು ಹೊರಡಬೇಕು. ಬರೀ ಜಿಲ್ಲೆಗೋ ರಾಜ್ಯಕ್ಕೋ ಕೊಟ್ಟ ಪರವಾನಗಿ ಹಿಡಿದು ಮಾಕುಟ್ಟ ದಾಟಿ ಕೇರಳಕ್ಕೆ ಇಳಿದರೆ ಅಪರಾಧವಾಗುತ್ತದೆ. ಪೊಲೀಸರು ಕೇಳಿದಾಗ ಪತ್ರ ತೋರಿಸದಿದ್ದರೆ ಕೋವಿ ವಶವಾಗಬಹುದು. ಇನ್ನು ಅಲಕ್ಷ್ಯದಿಂದ ಒಬ್ಬರ ಜೀವ ಹೋದರೆ ಯಾವ ವಿನಾಯಿತಿಯೂ ಕಾಯುವುದಿಲ್ಲ: ಭಾರತೀಯ ನ್ಯಾಯ ಸಂಹಿತೆಯ 106ನೆಯ ಸೆಕ್ಷನ್ನಿನಡಿ ಐದು ವರ್ಷದವರೆಗೆ ಸೆರೆ.

ಇದಕ್ಕಿಂತ ಹೆಚ್ಚು ಜನ ಮರೆಯುವುದು ಕಾಡಿನ ದಾರಿಯನ್ನು. ಕುಟ್ಟದಿಂದ ನಾಗರಹೊಳೆ ಹಾದು ಹುಣಸೂರಿಗೆ ಬಂದರೆ ಹತ್ತಿರ. ಊಟಿಗೆ ಹೋಗಲು ಬಂಡೀಪುರ ದಾಟಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೆಯ ಸೆಕ್ಷನ್ ಪ್ರಕಾರ ಲಿಖಿತ ಅನುಮತಿಯಿಲ್ಲದೆ ಅಭಯಾರಣ್ಯದೊಳಗೆ ಆಯುಧ ಒಯ್ಯುವಂತಿಲ್ಲ. ಇವೆರಡರಂಥ ರಾಷ್ಟ್ರೀಯ ಉದ್ಯಾನಗಳಿಗೂ ಅದೇ ಕಟ್ಟಳೆ. “ನಾವು ಬೇಟೆಗೆ ಬಂದವರಲ್ಲ, ದಾಟಿ ಹೋಗುವವರು” ಎಂಬ ಸಮಜಾಯಿಷಿ ಚೆಕ್‌ಪೋಸ್ಟಿನಲ್ಲಿ ಸಾಲದು; ಕೋವಿಯ ಜೊತೆ ಕಾರೂ ಅಲ್ಲೇ ನಿಲ್ಲಬಹುದು. ಕೋವಿ ಇರುವ ದಿನ ಸುತ್ತುದಾರಿಯೇ ಸರಿ.

“ಡಿಕ್ಕಿಗೆ ಬೀಗ ಹಾಕಿದೆ, ಇನ್ನೇನು”

ಓಡುವ ಕಾರಿನಲ್ಲಿ ಡಿಕ್ಕಿಯೇ ಸರಿಯಾದ ಜಾಗ. ತೊಂದರೆ ಶುರುವಾಗುವುದು ಕಾರು ನಿಂತಾಗ. ಡಿಕ್ಕಿಯ ಬೀಗ ಮುರಿಯಲು ನುರಿತವನಿಗೆ ಒಂದು ನಿಮಿಷ ಸಾಕು, ಗ್ಲೋವ್‌ಬಾಕ್ಸಿಗೆ ಅಷ್ಟೂ ಬೇಡ. ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಬಂದೂಕು ಒಯ್ಯುವವರಿಗಾಗಿ 1986ರಲ್ಲಿ ಮಾಡಿದ ಕೇಂದ್ರ ಕಾನೂನೂ, ಪ್ರತ್ಯೇಕ ಡಿಕ್ಕಿ ಇಲ್ಲದ ಗಾಡಿಗಳಲ್ಲಿ ಬೀಗದ ಪೆಟ್ಟಿಗೆಯಲ್ಲೇ ಇಡಬೇಕು, ಗ್ಲೋವ್‌ಬಾಕ್ಸ್ ಆ ಪೆಟ್ಟಿಗೆಯ ಲೆಕ್ಕಕ್ಕೆ ಬರುವುದಿಲ್ಲ ಎಂದು ಬಿಡಿಸಿ ಹೇಳಿದೆ. ನಮ್ಮಲ್ಲಿ ಹಿಂದೆ ಬಾಗಿಲಿರುವ ಗಾಡಿಗಳೇ ಹೆಚ್ಚು; ಗಾಜಿನಿಂದ ಇಣುಕಿದರೆ ಉದ್ದನೆಯ ಚೀಲ ಏನೆಂದು ಯಾರಿಗಾದರೂ ತಿಳಿಯುತ್ತದೆ. ಬಿಡಿಸಿಟ್ಟ ಕೋವಿಯ ಗಿಡ್ಡ ಪೆಟ್ಟಿಗೆ ಸೂಟ್‌ಕೇಸುಗಳ ನಡುವೆ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಉಕ್ಕಿನ ತಂತಿಯಿಂದ ಗಾಡಿಯ ಚೌಕಟ್ಟಿಗೆ ಬಿಗಿದು ಬೀಗ ಹಾಕಿದರೆ ಇನ್ನೂ ಒಳ್ಳೆಯದು.

ರಾತ್ರಿ ಎಲ್ಲಾದರೂ ತಂಗಿದರೆ ಪೆಟ್ಟಿಗೆ ನಿಮ್ಮ ಜೊತೆ ಕೋಣೆಗೆ ಬರಬೇಕು. ಸಾರ್ವಜನಿಕ ಸ್ಥಳದಲ್ಲಿ ಕೋವಿ ಪೂರ್ತಿ ಮುಚ್ಚಿರಬೇಕು, ಒಯ್ಯುವವರ ಹಿಡಿತದಲ್ಲಿರಬೇಕು ಎಂದು 2016ರ ಆಯುಧ ನಿಯಮಗಳಲ್ಲೇ ಇದೆ. ಹೋಟೆಲಿನವರು ಪಾರ್ಕಿಂಗಿಗೆಂದು ಕೀಲಿಕೈ ಕೇಳಿದಾಗ, ಸರ್ವಿಸ್ ಸ್ಟೇಷನ್ನಿಗೆ ಗಾಡಿ ಬಿಡುವಾಗ ಇದನ್ನು ಎಲ್ಲಕ್ಕಿಂತ ಮೊದಲು ನೆನೆಯಿರಿ. ಡ್ರೈವರ್ ಇಟ್ಟುಕೊಂಡವರಿಗೂ ಒಂದು ಮಾತು. ಪರವಾನಗಿದಾರರು ಜೊತೆಯಲ್ಲಿದ್ದಾಗ ಅವರ ಬಳಕೆಗೆಂದು ಇನ್ನೊಬ್ಬರು ಕೋವಿ ಹಿಡಿದುಕೊಳ್ಳಲು ಕಾಯ್ದೆ ಅವಕಾಶ ಕೊಡುತ್ತದೆ. “ನಾನು ಬಸ್ಸಲ್ಲಿ ಬರ್ತೀನಿ, ನೀನು ಕಾರು ತಗೊಂಡು ಹೋಗಪ್ಪ” ಎಂದು ಸುಮ್ಮನೆ ಕಳಿಸಿದರೆ ಆ ಬಡಪಾಯಿ ದಾರಿಯಲ್ಲಿ ಪರವಾನಗಿಯಿಲ್ಲದ ಕೋವಿ ಸಾಗಿಸಿದ ಆರೋಪಿಯಾಗುತ್ತಾನೆ. ಅವನನ್ನು ಆ ಸ್ಥಿತಿಗೆ ನೂಕುವ ಹಕ್ಕು ಯಾವ ಯಜಮಾನನಿಗೂ ಇಲ್ಲ.

ಕಳುವಾದರೆ ಹತ್ತಿರದ ಠಾಣೆಗೆ ಆ ಕೂಡಲೇ ದೂರು ಕೊಡಬೇಕು, ಊರು ತಲುಪಿದ ಮೇಲಲ್ಲ. ಕೋವಿಯ ನಂಬರನ್ನು ಫೋನಿನಲ್ಲಿ ಫೋಟೋ ಹಿಡಿದಿಟ್ಟುಕೊಂಡಿದ್ದರೆ ಆಗ ಒದಗುತ್ತದೆ.

“ಮನೆಗೆ ಬೀಗ ಹಾಕಿ ಹೋಗುವಾಗ ಕೋವಿಯನ್ನು ಜೊತೆಗೇ ಒಯ್ಯಬೇಕು”

ತಿರುಪತಿಗೋ ಮಗಳ ಮನೆಗೋ ವಾರಗಟ್ಟಲೆ ಹೋಗುವವರು ಹೀಗೆಂದುಕೊಂಡು ಕೋವಿಯನ್ನು ಡಿಕ್ಕಿಯಲ್ಲಿಟ್ಟು ಊರೂರು ಸುತ್ತಿಸುತ್ತಾರೆ. ಅದು ಬೇಕಿಲ್ಲ: ಪರವಾನಗಿ ಪಡೆದ ಕೋವಿ ಅಂಗಡಿಯವರಲ್ಲಿ ಸುರಕ್ಷಿತ ಠೇವಣಿಗೆ ಅನುಮತಿ ಇರುವವರು ಬಾಡಿಗೆ ಪಡೆದು ಇಟ್ಟುಕೊಳ್ಳುತ್ತಾರೆ. ಚುನಾವಣೆ ಬಂದಾಗ ಠಾಣೆಯಲ್ಲೋ ಅಂಗಡಿಯಲ್ಲೋ ಇಟ್ಟು ಅಭ್ಯಾಸವಿರುವ ನಮ್ಮ ರೈತರಿಗೆ ಇದು ಹೊಸದೇನಲ್ಲ. ಕೋವಿಯ ನಂಬರು, ತೋಟಾದ ಲೆಕ್ಕ ಎರಡೂ ರಸೀದಿಯಲ್ಲಿ ಬರೆಸಿಕೊಳ್ಳಿ, ಬಿಡಿಸಿಕೊಳ್ಳುವಾಗ ಅದನ್ನೂ ಪರವಾನಗಿಯನ್ನೂ ಒಯ್ಯಿರಿ. ಅಂಗಡಿಯವರು ಕೋವಿ ಕೈಗೆ ಕೊಟ್ಟ ಕೂಡಲೇ, ಅವರೆದುರಿಗೇ, ನಳಿಗೆ ಬಾಗಿಸಿ ನೋಡಿ ಆಮೇಲೆ ಕಾರಿಗೆ ಇಡಿ.