ಗಾಲಿ ಮನೆಯಲ್ಲಿ ಮಾಂಟೆರೆಗೆ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸುತ್ತಮುತ್ತಲಿನ ಕನ್ನಡಿಗರಿಗೆ ಮಾಂಟೆರೆ ಬೆಳಿಗ್ಗೆ ಹೋಗಿ ಸಂಜೆಗೆ ಮರಳಬಹುದಾದ ಕಡಲೂರು. ಗೆಳೆಯರ ಸಂಸಾರಗಳೆಲ್ಲ ಸೇರಿ ಆರ್‌ವಿ ಬಾಡಿಗೆಗೆ ಹಿಡಿದು ಅಲ್ಲೇ ರಾತ್ರಿ ತಂಗಿದರೆ ಆ ಊರು ಬೇರೆಯೇ ಆಗಿ ಕಾಣುತ್ತದೆ.

ಒಲೆ, ಫ್ರಿಜ್, ಹಾಸಿಗೆ, ಶೌಚಾಲಯ ಎಲ್ಲವೂ ಇರುವ ಗಾಲಿಯ ಮೇಲಿನ ಮನೆ ಈ ಆರ್‌ವಿ. 40 ಅಡಿ ಉದ್ದದವರೆಗೆ ಕ್ಯಾಲಿಫೋರ್ನಿಯಾದಲ್ಲಿ ಕಾರಿನ ಲೈಸೆನ್ಸೇ ಸಾಕು. ಆದರೆ ಈ ಮನೆ ನಡೆಯುವುದು ಮೂರು ಟ್ಯಾಂಕುಗಳ ಲೆಕ್ಕದಲ್ಲಿ: ಶುದ್ಧ ನೀರಿಗೊಂದು, ಸಿಂಕು–ಸ್ನಾನದ ನೀರಿಗೊಂದು, ಶೌಚಕ್ಕೊಂದು. ಮೊದಲನೆಯದು ಬರಿದಾದರೂ ಕಷ್ಟ, ಉಳಿದೆರಡು ತುಂಬಿದರೂ ಕಷ್ಟ. ಹಾಗಾಗಿ ಚಿತ್ರಾನ್ನದ ಬಾಣಲೆಯನ್ನು ಒರೆಸಿಯೇ ತೊಳೆಯುತ್ತೇವೆ; ಸೋಪು ಹಚ್ಚಿಕೊಳ್ಳುವಾಗ ನಲ್ಲಿ ನಿಲ್ಲಿಸುತ್ತೇವೆ. ಕೊನೆಗೆ ಡಂಪ್ ಸ್ಟೇಷನ್‌ನಲ್ಲಿ ಮೊದಲು ಶೌಚದ ಟ್ಯಾಂಕ್, ಆಮೇಲೆ ಸಿಂಕಿನ ಟ್ಯಾಂಕ್ ಖಾಲಿ ಮಾಡಬೇಕು. ಆಮೇಲೆ ಬರುವ ಸಿಂಕಿನ ನೀರು ಕೊಳವೆಯನ್ನು ತೊಳೆದುಬಿಡುತ್ತದೆ. ಕೈಗವಸು ಹಾಕಿಕೊಂಡು ಈ ಕೆಲಸಕ್ಕೆ ತಾನಾಗಿ ಮುಂದೆ ಬರುವವನೇ ಗೆಳೆಯ.

ಹೀಗೆ ಪ್ರತಿ ಚೊಂಬು ನೀರನ್ನೂ ಲೆಕ್ಕವಿಟ್ಟವರಿಗೆ ಮಾಂಟೆರೆಯ ಕಥೆ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮ ಕರಾವಳಿಯ ಭೂತಾಯಿಯ ಬಳಗಕ್ಕೆ ಸೇರಿದ ಸಾರ್ಡೀನ್ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳು ಇಲ್ಲಿ ಸಾಲುಗಟ್ಟಿದ್ದವು. ಕಡಲಿಗೆ ಕೊನೆಯೇ ಇಲ್ಲವೆಂಬಂತೆ ಬಲೆ ಬೀಸಿದರು. ಅತಿಯಾದ ಬೇಟೆಯ ಜೊತೆಗೆ ಕಡಲಿನ ತಾಪಮಾನವೂ ಏರಿಳಿದು, 1950ರ ದಶಕದ ಹೊತ್ತಿಗೆ ಮೀನು ನೆಲಕಚ್ಚಿತು. ಕೊನೆಯ ಕಾರ್ಖಾನೆ 1973ರಲ್ಲಿ ಬಾಗಿಲು ಹಾಕಿತು. ಅದೇ ಜಾಗದಲ್ಲಿ 1984ರಲ್ಲಿ ತೆರೆದದ್ದು ಮಾಂಟೆರೆ ಬೇ ಅಕ್ವೇರಿಯಂ. ಅಲ್ಲಿ 28 ಅಡಿ ಎತ್ತರದ ತೊಟ್ಟಿಯಲ್ಲಿ ಕೆಲ್ಪ್ ಎಂಬ ದೈತ್ಯ ಕಡಲಪಾಚಿಯ ಕಾಡೇ ಬೆಳೆದಿದೆ. ಹೊರಗಿನ ಕಡಲಿನಲ್ಲೂ ಇಂಥದ್ದೇ ಒಂದು ಕಥೆಯಿದೆ: ತುಪ್ಪಳಕ್ಕಾಗಿ ಕೊಂದು ಮುಗಿಸಿದ್ದಾರೆಂದೇ ನಂಬಲಾಗಿದ್ದ ಕಡಲ ನೀರುನಾಯಿಗಳ ಸಣ್ಣ ಗುಂಪೊಂದು 1938ರಲ್ಲಿ ದಕ್ಷಿಣದ ಬಿಗ್ ಸರ್ ತೀರದಲ್ಲಿ ಕಣ್ಣಿಗೆ ಬಿತ್ತು. ಅವುಗಳ ಸಂತತಿ ಇಂದು ಮಾಂಟೆರೆಯ ದಡದಲ್ಲೇ ಅಂಗಾತ ತೇಲುತ್ತಾ, ಎದೆಯ ಮೇಲಿನ ಕಲ್ಲಿಗೆ ಚಿಪ್ಪು ಬಡಿದು ತಿನ್ನುತ್ತದೆ. 1992ರಿಂದ ಇಲ್ಲಿನ ಕಡಲು ರಾಷ್ಟ್ರೀಯ ಸಂರಕ್ಷಿತ ಪ್ರದೇಶ.

ಹೊರಡುವವರು ಕ್ಯಾಂಪಿನ ಜಾಗವನ್ನು ತಿಂಗಳುಗಳ ಮೊದಲೇ ಕಾದಿರಿಸಿ; ನಿಮ್ಮ ಗಾಡಿಯ ಉದ್ದಕ್ಕೆ ಅಲ್ಲಿ ಅವಕಾಶವಿದೆಯೇ, ನೀರು–ಕರೆಂಟಿನ ಸಂಪರ್ಕವಿದೆಯೇ ಕೇಳಿಕೊಳ್ಳಿ. ಬೇಸಿಗೆಯಲ್ಲೂ ಮಂಜು ಕವಿಯುವ ಊರು, ಸ್ವೆಟರ್ ಇರಲಿ. ಮಕ್ಕಳನ್ನು ಖಂಡಿತ ಕರೆದೊಯ್ಯಿರಿ. ಇರುವಷ್ಟನ್ನು ಹಂಚಿಕೊಂಡು ಬಾಳುವುದನ್ನು ಅವರು ಗಾಡಿಯೊಳಗೆ ಕಲಿಯುತ್ತಾರೆ. ಹಾಗೆ ಬಾಳದಿದ್ದರೆ ಏನಾಗುತ್ತದೆ, ತಿದ್ದಿಕೊಂಡರೆ ಏನು ಮರಳಿ ಸಿಗುತ್ತದೆ ಎಂಬುದನ್ನು ಈ ಊರೇ ತೋರಿಸಿಕೊಡುತ್ತದೆ.