ಅಕ್ಕನೋ ತಂಗಿಯೋ: ವಿಂಡೊಲಾಂಡಾದ ಮರದ ಓಲೆಗಳು

ಸೆಪ್ಟೆಂಬರ್ 11ಕ್ಕೆ ನನ್ನ ಹುಟ್ಟುಹಬ್ಬ, ನೀನು ಬಂದರೇ ಆ ದಿನಕ್ಕೊಂದು ಕಳೆ, ತಪ್ಪಿಸಬೇಡ. ಕಾಗದದ ಒಕ್ಕಣೆ ಹೆಚ್ಚುಕಡಿಮೆ ಇಷ್ಟೇ. ಕಾಗದ ಎಂದೆ, ಅದು ಕಾಗದವಲ್ಲ, ತೆಳುವಾಗಿ ಸೀಳಿದ ಮರದ ಹಾಳೆ. ಮಡಿಕೆ ಬಿಡಿಸಿದರೆ ಒಂದು ಗೇಣುದ್ದ. ಕಳಿಸಿದವಳು ಕ್ಲಾಡಿಯಾ ಸೆವೆರಾ, ಬ್ರಿಟನ್ನಿನ ಉತ್ತರದ ಗಡಿಯಲ್ಲಿದ್ದ ರೋಮನ್ ದಳಪತಿಯೊಬ್ಬನ ಹೆಂಡತಿ. ಕಳಿಸಿದ್ದು ಇನ್ನೊಂದು ಕೋಟೆ ವಿಂಡೊಲಾಂಡಾದ ದಳಪತಿಯ ಹೆಂಡತಿ ಸುಲ್ಪಿಸಿಯಾ ಲೆಪಿಡಿನಾಗೆ. ಕಾಲ ಕ್ರಿ.ಶ. 100ರ ಆಸುಪಾಸು.

ಈ ಒಂದು ಓಲೆಯ ಸಲುವಾಗಿ ನಾನು ವಿಂಡೊಲಾಂಡಾಕ್ಕೆ ಹೋದೆ. ಹೋದ ಮೇಲೆ ತಿಳಿಯಿತು, ಅದು ಅಲ್ಲಿಲ್ಲ, ಲಂಡನ್ನಿನಲ್ಲಿದೆ. ಮೊದಲೇ ವಿಚಾರಿಸದೆ ಹೊರಟದ್ದು ನನ್ನದೇ ತಪ್ಪು. ಆದರೂ ನಷ್ಟವಾಗಲಿಲ್ಲ.

ಇಂಗ್ಲೆಂಡಿನ ನಾರ್ತಂಬರ್ಲೆಂಡ್ ಸೀಮೆಯಲ್ಲಿ, ಹೆಕ್ಸಮ್ ಪಟ್ಟಣದಿಂದ ಒಂದು ಬಸ್ಸು ಹೊರಡುತ್ತದೆ. ಅದರ ನಂಬರು ಎಡಿ122. ಹೇಡ್ರಿಯನ್ ಚಕ್ರವರ್ತಿ ಗಡಿಗೋಡೆ ಕಟ್ಟಿಸಲು ಆರಂಭಿಸಿದ ಇಸವಿಯೇ ಬಸ್ಸಿನ ನಂಬರು! ವಿಂಡೊಲಾಂಡಾ ಆ ಗೋಡೆಗಿಂತ ಹಳೆಯದು. ಗೋಡೆ ಏಳುವುದಕ್ಕೆ ಮೂರೂವರೆ ದಶಕ ಮೊದಲೇ ಇಲ್ಲಿ ಮರದ ಕೋಟೆಯಿತ್ತು. ಒಂದು ಪಡೆ ಹೋಗುವಾಗ ಕಟ್ಟಡಗಳನ್ನು ಕೆಡವುತ್ತಿತ್ತು, ಆಮೇಲೆ ಬಂದವರು ಅದರ ಮೇಲೆ ಹುಲ್ಲುಹೆಂಟೆ, ಜೇಡಿಮಣ್ಣು ಹಾಸಿ ಹೊಸದನ್ನು ಕಟ್ಟುತ್ತಿದ್ದರು. ಹೀಗೆ ಪದರದ ಮೇಲೆ ಪದರವಾಗಿ ಒಂಬತ್ತು ಕೋಟೆಗಳು. ಕೆಳಗಿನ ಪದರಗಳಿಗೆ ಗಾಳಿಯೇ ಹೋಗದ್ದರಿಂದ ಅಲ್ಲಿ ಯಾವುದೂ ಕೊಳೆಯಲಿಲ್ಲ. ಚರ್ಮದ ಚಪ್ಪಲಿ, ಬೂಟುಗಳೇ 5,000ಕ್ಕೂ ಹೆಚ್ಚು ಸಿಕ್ಕಿವೆ. ಕೂಸಿನ ಕಾಲಿನ ಅಳತೆಯವೂ ಇವೆ. ಮರದ ಕಕ್ಕಸು ಆಸನವೊಂದಿದೆ, ಕೂತವರ ಭಾರಕ್ಕೆ ನುಣುಪಾದದ್ದು. ನೆಲಕ್ಕೆ ಹಾಸಿದ್ದ ಜರಿಗಿಡದ ಸೊಪ್ಪು ಅಗೆದ ಗಳಿಗೆಯಲ್ಲಿ ಹಸಿರು ಹಸಿರಾಗಿಯೇ ಕಂಡು ನೋಡನೋಡುತ್ತ ಕಪ್ಪಾಗುತ್ತದೆ ಎಂದು ಅಗೆತದ ಗುಂಡಿಯಲ್ಲಿ ಮಂಡಿಯೂರಿದ್ದ ಹಿರಿಯರೊಬ್ಬರು ಹೇಳಿದರು. ಅವರು ಸಂಬಳದವರಲ್ಲ, ರಜೆ ಹಾಕಿ ಬಂದ ಸ್ವಯಂಸೇವಕರು.

ಮತ್ತೆ ಸೆವೆರಾಳ ಓಲೆಗೆ ಬರುತ್ತೇನೆ. ಅದರಲ್ಲಿ ಎರಡು ಕೈಬರಹಗಳಿವೆ. ಮೇಲಿನದು ಪಳಗಿದ ಗುಮಾಸ್ತನ ಅಕ್ಷರ: ಒಪ್ಪ, ಓರಣ, ಸರಾಗ. ಕೆಳಗೆ ಬಲಮೂಲೆಯಲ್ಲಿ ಇನ್ನೊಂದು ಕೈ. ಅಕ್ಷರ ಸೊಟ್ಟ, ಸಾಲು ಇಕ್ಕಟ್ಟು, ಬರೆದು ಅಭ್ಯಾಸವಿಲ್ಲದವರ ತಡಬಡಿಕೆ. ಅದು ಸೆವೆರಾಳದೇ. ನಿನ್ನ ದಾರಿ ಕಾಯುತ್ತಿರುತ್ತೇನೆ, ನನ್ನ ಜೀವವೇ, ಸುಖವಾಗಿರು ಎಂಬರ್ಥದ ನಾಲ್ಕು ಮಾತು. ಲ್ಯಾಟಿನ್ ಭಾಷೆಯಲ್ಲಿ ಹೆಣ್ಣೊಬ್ಬಳು ಸ್ವಂತ ಕೈಯಾರೆ ಬರೆದದ್ದೆಂದು ಗುರುತಿಸಲಾದ ಅತಿ ಹಳೆಯ ಬರಹಗಳಲ್ಲಿ ಇದೂ ಒಂದು.

ನೀಲಿ ಇನ್‌ಲ್ಯಾಂಡ್ ಲೆಟರಿನ ಕಾಲ ಕಂಡವರಿಗೆ ಈ ಮೂಲೆಯ ಬೆಲೆ ಗೊತ್ತು. ಅಪ್ಪ 'ಇತ್ತ ಎಲ್ಲರೂ ಕ್ಷೇಮ' ಎಂದು ಶುರುಮಾಡಿ ಮಳೆ, ಬೆಳೆ, ಲೇವಾದೇವಿ ಎಲ್ಲ ಬರೆದು ಮುಗಿಸಿದ ಮೇಲೆ, ಅಂಟಿಸುವ ಮಡಿಕೆಯ ಹತ್ತಿರ ಎರಡು ಬೆರಳಗಲ ಜಾಗ ಅಮ್ಮನಿಗೆ ಸಿಗುತ್ತಿತ್ತು. ಹಾಸ್ಟೆಲಿನಲ್ಲಿ ನಾವು ಮೊದಲು ಓದುತ್ತಿದ್ದದ್ದು ಆ ಎರಡು ಬೆರಳಗಲವನ್ನೇ.

ಸೆವೆರಾ ಆ ನಾಲ್ಕು ಮಾತಿನೊಳಗೆ ಎರಡು ಸಲ 'ಸೊರೊರ್' ಎನ್ನುತ್ತಾಳೆ. ಸಹೋದರಿ ಎಂದು ಅರ್ಥ. ಒಡಹುಟ್ಟಿದವರೇನಲ್ಲ, ಗೆಳತಿಯರು, ಆಪ್ತತೆಗೆ ಹಾಗೆ ಕರೆಯುವುದು ರೋಮನ್ನರ ವಾಡಿಕೆ. ಇದನ್ನು ಕನ್ನಡಕ್ಕೆ ತರಲು ಹೊರಟು ನಾನು ಮೊದಲ ಪದದಲ್ಲೇ ಸಿಕ್ಕಿಬಿದ್ದೆ. ಲ್ಯಾಟಿನ್ನಿಗೆ ಒಂದೇ ಪದ ಸಾಕು. ಕನ್ನಡಕ್ಕೆ ಸಾಲದು. ಅಕ್ಕ ಎನ್ನಬೇಕು, ಇಲ್ಲವೇ ತಂಗಿ ಎನ್ನಬೇಕು. 'ಸಹೋದರಿ' ಎಂದರೆ ಭಾಷಣವಾಗುತ್ತದೆ. ಅಕ್ಕ ಎಂದರೆ ಈ ಕರೆಯೋಲೆಯಲ್ಲಿ ಗೌರವ ಬೆರೆತ ಒತ್ತಾಯ ಕೇಳುತ್ತದೆ, ತಂಗಿ ಎಂದರೆ ಸಲಿಗೆಯ ಗದರಿಕೆ. 'ನೀನು' ಎನ್ನುವುದೋ 'ನೀವು' ಎನ್ನುವುದೋ ಎಂಬ ತಕರಾರು ಬೇರೆ. ನಾನು ಅಕ್ಕ ಎಂದೇ ಓದಿಕೊಂಡೆ. ಇದಕ್ಕೆ ಪುರಾವೆಯಿಲ್ಲ. ದೂರದ ಊರಿನಲ್ಲಿ ಗಂಡನ ನೌಕರಿಯ ಬೆನ್ನಿಗೆ ಬಂದ ಹೆಂಗಸರು ಪಕ್ಕದ ಕ್ವಾರ್ಟರ್ಸಿನವರನ್ನು ಹಾಗೆ ಕರೆಯುವುದನ್ನು ಕೇಳಿ ಬೆಳೆದವನು ನಾನು, ಅಷ್ಟೇ. ಸೆವೆರಾಳದೇ ಇನ್ನೊಂದು ಓಲೆಯೂ ಸಿಕ್ಕಿದೆ. ನಿನ್ನಲ್ಲಿಗೆ ಬರುವ ವಿಚಾರ ಬ್ರೊಕಸ್ ಹತ್ತಿರ ಎತ್ತಿದ್ದೆ, ಅವರು ಒಪ್ಪಿದ್ದಾರೆ ಎನ್ನುತ್ತಾಳೆ. ಬ್ರೊಕಸ್ ಅವಳ ಗಂಡ. ಲ್ಯಾಟಿನ್ನಿನಲ್ಲಿ ಈ 'ಅವರು' ಎಂಬ ಬಹುವಚನವಿಲ್ಲ, ಅದು ನನ್ನ ಸೇರಿಕೆ. ಗಂಡನ ಹೆಸರನ್ನು ಮಾತ್ರ ಅವಳು ಅಳುಕಿಲ್ಲದೆ ಬರೆದಿದ್ದಾಳೆ.

ಚರಿತ್ರೆಯ ಭಾಗವನ್ನು ಚುಟುಕಾಗಿ ಮುಗಿಸುತ್ತೇನೆ. 1929ರಲ್ಲಿ ಎರಿಕ್ ಬರ್ಲಿ ಎಂಬ ಪುರಾತತ್ತ್ವಜ್ಞ ಈ ಜಮೀನನ್ನು ಕೊಂಡರು. ಮಗ ರಾಬಿನ್ ಬರ್ಲಿ ಇಲ್ಲೇ ಅಗೆಯುತ್ತ ಬೆಳೆದರು, ಈಗ ಮೊಮ್ಮಗ ಆಂಡ್ರ್ಯೂ ಬರ್ಲಿ ಅಗೆಸುತ್ತಿದ್ದಾರೆ. 1970ರಲ್ಲಿ ವಿಂಡೊಲಾಂಡಾ ಟ್ರಸ್ಟ್ ಆಯಿತು. 1973ರ ಮಾರ್ಚಿನಲ್ಲಿ ನೀರು ಹರಿಸಲು ತೋಡಿದ ಕಾಲುವೆಯಲ್ಲಿ ರಾಬಿನ್ ಅವರಿಗೆ ಹತ್ತರಿ ಹೊಡೆದ ಸಿಪ್ಪೆಯಂಥದ್ದು ಸಿಕ್ಕಿತು. ಅಂಟಿಕೊಂಡಿದ್ದ ಎರಡು ಹಾಳೆ ಬಿಡಿಸಿದರೆ ಒಳಗೆ ಮಸಿಯ ಗೀಟು. ಗಾಳಿ ತಾಗಿದ್ದೇ ತಡ, ಮರ ಕಪ್ಪಾಗಿ ಗೀಟು ಮಾಯ! ಕೊನೆಗೆ ಅತಿಗೆಂಪು ಕಿರಣದ ಛಾಯಾಚಿತ್ರ ಅದನ್ನು ವಾಪಸ್ಸು ತಂದಿತು. ಆ ಚಿತ್ರಗಳನ್ನು ಎದುರಿಗಿಟ್ಟುಕೊಂಡು ಆಲನ್ ಬೌಮನ್ ಮತ್ತು ಡೇವಿಡ್ ಥಾಮಸ್ ಎಂಬ ಇಬ್ಬರು ವಿದ್ವಾಂಸರು ವರ್ಷಗಟ್ಟಲೆ ಅಕ್ಷರ ಅಕ್ಷರ ಬಿಡಿಸಿದರು. ಸುಟ್ಟುಹೋಗಬೇಕಾಗಿದ್ದ ಓಲೆಗಳೂ ಇವುಗಳಲ್ಲಿ ಇವೆ. ಕ್ರಿ.ಶ. 105ರ ಹೊತ್ತಿಗೆ ಲೆಪಿಡಿನಾಳ ಗಂಡ ಸೆರಿಯಾಲಿಸ್‌ನ ಬಟೇವಿಯನ್ ಪಡೆಗೆ ಬೇರೆಡೆಗೆ ಹೋಗಲು ಅಪ್ಪಣೆ ಬಂದಾಗ ಹಳೆಯ ಕಡತಗಳನ್ನು ರಾಶಿ ಹಾಕಿ ಬೆಂಕಿ ಕೊಟ್ಟರು. ಬೆಂಕಿ ಅರ್ಧಕ್ಕೇ ಆರಿತು. ಮಳೆ ಬಂದಿರಬೇಕು ಎನ್ನುತ್ತಾರೆ. ಆ ಊರಿನ ಆಕಾಶ ನೋಡಿದವರು ತಕರಾರು ತೆಗೆಯುವುದಿಲ್ಲ.

ಓಲೆ ಮಾಡುವ ಬಗೆ ಸರಳ. ಎಳೆಯ ಬರ್ಚ್ ಅಥವಾ ಆಲ್ಡರ್ ಮರವನ್ನು ಒಂದೆರಡು ಮಿಲಿಮೀಟರಿನಷ್ಟು ತೆಳುವಾಗಿ ಸೀಳುವುದು, ನಡುವೆ ಗೀರಿ ಮಡಚುವುದು, ಒಳಗೆ ಬರೆದು ಹೊರಗೆ ವಿಳಾಸ ಹಾಕುವುದು. ನಮ್ಮ ತಾಳೆಗರಿಯಲ್ಲಿ ಮೊದಲು ಕಂಟದಿಂದ ಗೀರಿ ಆಮೇಲೆ ಮಸಿ ಉಜ್ಜುತ್ತಾರೆ, ಇಲ್ಲಿ ಕಾಡಿಗೆಯ ಮಸಿಯಲ್ಲಿ ನೇರ ಬರವಣಿಗೆ. ಹಾಗಾಗಿಯೇ ಸರಸರ ಗೀಚಲು ಸಾಧ್ಯವಾಯಿತು. 1,700ಕ್ಕೂ ಹೆಚ್ಚು ಸಿಕ್ಕಿವೆ. ಮುಕ್ಕಾಲುಪಾಲು ನಿತ್ಯದ ರಗಳೆ. ಯಾರಿಗೋ ಕಾಲುಚೀಲ, ಎರಡು ಜೊತೆ ಚಪ್ಪಲಿ, ಎರಡು ಒಳಚಡ್ಡಿ ಕಳಿಸಿದ ಒಕ್ಕಣೆ ಇದೆ. ಮೇ 18ರ ಹಾಜರಿಯಲ್ಲಿ 752 ಸೈನಿಕರ ಪೈಕಿ ಕೋಟೆಯಲ್ಲಿರುವವರು 296. ಅವರಲ್ಲಿ ಕಾಯಿಲೆ 15, ಗಾಯ 6, ಕಣ್ಣುಬೇನೆ 10. ನಾವು ಮದ್ರಾಸ್ ಐ ಎನ್ನುವ ಬಗೆಯದೇ ಇರಬೇಕು. ಆಕ್ಟೇವಿಯಸ್ ಎಂಬ ವ್ಯಾಪಾರಿಗೆ ತಕ್ಷಣ 500 ದಿನೇರಿಯಸ್ ನಾಣ್ಯ ಬೇಕು, ಇಲ್ಲದಿದ್ದರೆ ಕೊಟ್ಟ ಮುಂಗಡ ಮುಳುಗಿ ಮರ್ಯಾದೆ ಹೋಗುತ್ತದೆ. ಚರ್ಮ ತರಲು ಗಾಡಿ ಹೂಡಲೂ ಆಗದು, ರಸ್ತೆ ಹಾಳಾಗಿದೆ. ಮಾಸ್ಕ್ಲಸ್ ಎಂಬ ನಾಯಕ ಒಂದು ಓಲೆಯಲ್ಲಿ ಹುಡುಗರಿಗೆ ಬಿಯರ್ ಮುಗಿದಿದೆ, ಕಳಿಸಿ ಎನ್ನುತ್ತಾನೆ. 2017ರಲ್ಲಿ ಸಿಕ್ಕ ಇನ್ನೊಂದರಲ್ಲಿ ರಜೆ ಕೇಳುತ್ತಾನೆ.

ಒಂದು ಲೆಕ್ಕದೋಲೆ ನನ್ನನ್ನು ನಿಲ್ಲಿಸಿತು. ಟಪ್ಪೋನ ಮಗ ಗಾಂಬಾಕ್ಸ್ ಎಂಬ ಸೈನಿಕ ಎರಡು ದಿನೇರಿಯಸ್ ಬೆಲೆಯ 'ಪಿಪೆರ್' ಕೊಂಡಿದ್ದಾನೆ. ಮೆಣಸು. ರೋಮ್ ಸಾಮ್ರಾಜ್ಯಕ್ಕೆ ಕರಿಮೆಣಸು ಹೋಗುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯಿಂದ, ಹಡಗಿನಲ್ಲಿ ಕೆಂಪು ಸಮುದ್ರಕ್ಕೆ. ಅಲ್ಲಿನ ಬೆರೆನಿಕೆ ಬಂದರಿನಲ್ಲಿ ಏಳು ಕಿಲೋಗೂ ಮಿಕ್ಕಿ ಮೆಣಸು ತುಂಬಿದ್ದ ಭಾರತದ ಹರವಿಯೇ ಸಿಕ್ಕಿದೆ. ರೋಮನ್ ಲೇಖಕ ಪ್ಲಿನಿ ಬರೆದಿಟ್ಟ ರೋಮಿನ ದರದಲ್ಲಿ ಎರಡು ದಿನೇರಿಯಸ್‌ಗೆ ಅರ್ಧ ಪೌಂಡು, ಅಂದರೆ ಸುಮಾರು 160 ಗ್ರಾಂ ಕರಿಮೆಣಸು ಬರುತ್ತಿತ್ತು. ಗಡಿಯಲ್ಲಿ ಅಷ್ಟೂ ಬಂದಿರಲಾರದು. ರೋಮಿನ ಪ್ರಧಾನ ಸೇನೆಯಾದ ಲೀಜನ್ನಿನ ಸೈನಿಕನ ವರ್ಷದ ಸಂಬಳವೇ ಆಗ 300 ದಿನೇರಿಯಸ್, ಗಾಂಬಾಕ್ಸ್ ಅದಕ್ಕಿಂತ ಕೆಳಗಿನ ದರ್ಜೆಯವನು. ಎರಡು ಮೂರು ದಿನದ ದುಡಿಮೆಯನ್ನು ಮೆಣಸಿಗೆ ಸುರಿದನಲ್ಲ ಮಹರಾಯ! ಆ ಚಳಿಗಾಳಿಯಲ್ಲಿ ನಿಂತು ಯೋಚಿಸಿದರೆ ತಪ್ಪೆನಿಸುವುದಿಲ್ಲ.

ಈ ಅಗೆತ ನಡೆಸುವ ಟ್ರಸ್ಟಿಗೆ ಸರಕಾರದಿಂದ ವರ್ಷವರ್ಷದ ಅನುದಾನವಿಲ್ಲ, ಟಿಕೆಟ್ ಹಣವೇ ಮುಖ್ಯ ಆಸರೆ. ಜಾಗದ ಬಹುಪಾಲು ಇನ್ನೂ ಅಗೆಯದೆ ಉಳಿದಿದೆ. ಮೊದಲಾದರೆ ನಿಧಾನವಾಗಿ ಅಗೆಯೋಣ, ಮಣ್ಣೇ ಕಾಪಾಡುತ್ತದೆ ಎನ್ನಬಹುದಿತ್ತು. ಈಗ ಬೇಸಿಗೆಯ ಬಿಸಿಲಿಗೆ ನೆಲ ಒಣಗುತ್ತಿದೆ, ಜೋರುಮಳೆಗೆ ತೊಯ್ಯುತ್ತಿದೆ. ಒಣಗಿ ಬಿರಿದಲ್ಲಿ ಗಾಳಿ ನುಗ್ಗುತ್ತದೆ, ಗಾಳಿ ನುಗ್ಗಿದರೆ ಚರ್ಮ, ಮರ, ಮಸಿ ಯಾವುದೂ ಉಳಿಯದು. ಟ್ರಸ್ಟಿನದೇ ಇನ್ನೊಂದು ಕೋಟೆ ಮ್ಯಾಗ್ನಾದಲ್ಲಿ ಜೌಗು ನೆಲ ಕುಸಿಯುತ್ತಿರುವುದನ್ನು ಉಪಕರಣ ಹೂತು ಅಳೆಯುತ್ತಿದ್ದಾರೆ. ಎರಡು ಸಾವಿರ ವರ್ಷ ಮಳೆ ಕಾಯ್ದುಕೊಂಡದ್ದನ್ನು ನಾವು ಎರಡು ತಲೆಮಾರಿನಲ್ಲಿ ಒಣಗಿಸುತ್ತಿದ್ದೇವೆ.

ಲಂಡನ್ನಿಗೆ ಹೋಗುವವರಿದ್ದರೆ ಬ್ರಿಟಿಷ್ ಮ್ಯೂಸಿಯಂನ 49ನೇ ಕೋಣೆಗೆ ಹೋಗಿ. ವಿಂಡೊಲಾಂಡಾದ ಓಲೆಗಳಿರುವುದು ಅಲ್ಲಿ. ಓದುವ ಕನ್ನಡಕ ಮರೆಯಬೇಡಿ. ಸೆವೆರಾಳ ಕೈಬರಹ ಕೆಳಗಿನ ಬಲಮೂಲೆಯಲ್ಲಿದೆ, ಮಸಿ ಬಹಳ ಮಾಸಿದೆ. ಪ್ರವೇಶಕ್ಕೆ ದುಡ್ಡಿಲ್ಲ.