ಎರಡು ಕಡಲ ನಡುವೆ ನಮ್ಮ ಗದಗ ಸೀಮೆ

ಗೆಳೆಯರೇ, ಸಾಲಿಯ ಗೋಡೆ ಮ್ಯಾಲಿನ ಭಾರತದ ನಕಾಶೆ ನೋಡಿರಿ. ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಪೂರ್ವಕ್ಕೆ ಬಂಗಾಳ ಕೊಲ್ಲಿ, ದಕ್ಷಿಣಕ್ಕೆ ಹಿಂದೂ ಮಹಾಸಾಗರ. ಹೀಗೆ ಮೂರು ದಿಕ್ಕಿಗೆ ನೀರು, ಒಂದು ದಿಕ್ಕಿಗೆ ನೆಲ ಇರುವ ಭಾಗಕ್ಕೆ ಪರ್ಯಾಯ ದ್ವೀಪ ಎನ್ನುತ್ತಾರೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಲ್ಲವೂ ಇದರ ಒಡಲಿನಲ್ಲಿವೆ. ಕರ್ಕಾಟಕ ವೃತ್ತಕ್ಕಿಂತ ಕೆಳಗೆ, ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಇರುವುದರಿಂದ ನಮ್ಮದು ಉಷ್ಣವಲಯ.

"ನಮಗ ಕಡಲೆಲ್ಲಿ ಐತಿ?" ಎಂದು ಕೇಳಬಹುದು. ಹಕ್ಕಿ ಹಾರಿದ ಹಾಗೆ ನೇರವಾಗಿ ಅಳೆದರೆ ಗದಗಿನಿಂದ ಅರಬ್ಬಿ ಸಮುದ್ರ ಸುಮಾರು 170 ಕಿ.ಮೀ., ಬಂಗಾಳ ಕೊಲ್ಲಿ ಸುಮಾರು 490 ಕಿ.ಮೀ. ಕಡಲು ಕಣ್ಣಿಗೆ ಕಾಣದಿದ್ದರೂ ನಮ್ಮ ಹೊಲಕ್ಕೆ ಮಳೆ ಬರುವುದು ಅಲ್ಲಿಂದಲೇ.

ಮಳೆ ನೆರಳು ಎಂದರೇನು?

ಬೇಸಿಗೆಯಲ್ಲಿ ನೆಲ ಬೇಗ ಕಾಯುತ್ತದೆ, ಕಡಲು ನಿಧಾನವಾಗಿ ಕಾಯುತ್ತದೆ. ಕಾದ ನೆಲದ ಮೇಲಿನ ಗಾಳಿ ಮೇಲಕ್ಕೇರಿದಾಗ ಕಡಲಿನ ಹಸಿ ಗಾಳಿ ಆ ಕಡೆ ನುಗ್ಗುತ್ತದೆ. ಇದೇ ಜೂನ್ ತಿಂಗಳ ಮುಂಗಾರು. ದಾರಿಯಲ್ಲಿ ಸಹ್ಯಾದ್ರಿ ಅಡ್ಡ ನಿಂತಿದೆ. ಗಾಳಿ ಗುಡ್ಡ ಹತ್ತುವಾಗ ತಣ್ಣಗಾಗಿ ಆವಿ ನೀರಾಗುತ್ತದೆ. ಆದ್ದರಿಂದ ಕಾರವಾರ, ಹೊನ್ನಾವರದ ಕಡೆ ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ. ಗುಡ್ಡ ದಾಟಿ ಇಳಿಯುವ ಗಾಳಿ ಮತ್ತೆ ಬಿಸಿಯಾಗಿ ಮೋಡ ಚದುರುತ್ತವೆ. ನಮಗೆ ಸಿಗುವುದು ಸುಮಾರು 600 ಮಿ.ಮೀ. ಅಷ್ಟೆ. ಇಂಥ ಜಾಗಕ್ಕೆ ಮಳೆ ನೆರಳಿನ ಪ್ರದೇಶ ಎಂದು ಹೆಸರು. ಜೂನ್-ಜುಲೈದಾಗ ಕಪ್ಪತಗುಡ್ಡದ ಮ್ಯಾಲಿನ ಗಾಳಿ ಫ್ಯಾನುಗಳು ಜೋರು ತಿರುಗತಾವ, ಮಳಿ ಮಾತ್ರ ಜಿಟಿಜಿಟಿ! ಗಾಳಿ ಬಂತು, ನೀರು ಹಿಂದ ಉಳೀತು.

ಹಿಂಗಾರು ಮತ್ತು ಎರಿ ಭೂಮಿ

ಅಕ್ಟೋಬರ್ ಸುಮಾರಿಗೆ ಗಾಳಿ ದಿಕ್ಕು ತಿರುಗುತ್ತದೆ. ಆಗ ಬಂಗಾಳ ಕೊಲ್ಲಿಯ ಕಡೆಯಿಂದ ಬರುವುದು ಹಿಂಗಾರು. ಹಸ್ತ, ಚಿತ್ತಿ, ಸ್ವಾತಿ ಮಳೆಗಾಗಿ ನಮ್ಮ ಹಿರಿಯರು ಮುಗಿಲು ನೋಡುವುದು ಇದಕ್ಕೇ. ಎರಿ ಭೂಮಿ ಕುಡಿದ ನೀರನ್ನು ಬಹಳ ದಿನ ಹಿಡಿದಿಡುತ್ತದೆ. ಅದರ ಹಸಿಯಲ್ಲೇ ಕಡಲೆ, ಬಿಳಿಜೋಳ, ಕುಸುಬಿ ಬೆಳೆಯುತ್ತವೆ. ಮಸಾರಿ ಭೂಮಿ ಬೇಗ ಒಣಗುತ್ತದೆ.

ನದಿ ಯಾಕೆ ಪೂರ್ವಕ್ಕೆ?

ಪಶ್ಚಿಮದ ಕಡಲು ಹತ್ತಿರ ಇದ್ದರೂ ತುಂಗಭದ್ರೆ ದೂರದ ಪೂರ್ವಕ್ಕೆ ಹೋಗುತ್ತಾಳೆ. ಕಾರಣ, ದಖ್ಖನ್ ಪ್ರಸ್ಥಭೂಮಿ ಪಶ್ಚಿಮದಲ್ಲಿ ಎತ್ತರ, ಪೂರ್ವಕ್ಕೆ ಇಳಿಜಾರು. ತುಂಗಾ ಮತ್ತು ಭದ್ರಾ ಸಹ್ಯಾದ್ರಿಯ ಗಂಗಾಮೂಲದಲ್ಲಿ ಹುಟ್ಟಿ, ಕೂಡಲಿಯಲ್ಲಿ ಒಂದಾಗಿ, ಶಿರಹಟ್ಟಿ-ಮುಂಡರಗಿ ಸೀಮೆಯ ಅಂಚಿಗೆ ಹರಿದು ಮುಂದೆ ಕೃಷ್ಣೆಯನ್ನು ಸೇರುತ್ತವೆ. ಕೃಷ್ಣೆ ಬಂಗಾಳ ಕೊಲ್ಲಿ ಸೇರುತ್ತಾಳೆ. ಅಂದರೆ ಅರಬ್ಬಿ ಸಮುದ್ರದ ನೀರು ಮೋಡವಾಗಿ ಬಂದು, ನದಿಯಾಗಿ ಇನ್ನೊಂದು ಕಡಲಿಗೆ ಹೋಗುತ್ತದೆ.

ಕಪ್ಪತಗುಡ್ಡ ಮತ್ತು ಮಾಗಡಿ ಕೆರೆ

ಮಳಿ ಕಳಸೋದು ಕಡಲು, ಬಿದ್ದ ಮಳಿ ಹಿಡಿಯೋದು ಗುಡ್ಡ. ಇಳಿಜಾರಿನ ಮೇಲೆ ಹುಲ್ಲು, ಗಿಡ ಇದ್ದರೆ ನೀರು ನಿಧಾನವಾಗಿ ಇಂಗಿ ಬಾವಿಗೆ ಬರುತ್ತದೆ. ಗುಡ್ಡ ಬೋಳಾದರೆ ಮಣ್ಣು ಕೊಚ್ಚಿ ಕೆರೆಯಲ್ಲಿ ಹೂಳು ತುಂಬುತ್ತದೆ. ಔಷಧಿ ಗಿಡಗಳಿಗೆ ಹೆಸರಾದ ಕಪ್ಪತಗುಡ್ಡದಲ್ಲಿ ತೋಳ, ಕತ್ತೆಕಿರುಬ, ಚಿರತೆಗಳೂ ಇವೆ. 2015ರಲ್ಲಿ ಸರ್ಕಾರ ಇದನ್ನು ಸಂರಕ್ಷಿತ ಪ್ರದೇಶವೆಂದು ಸಾರಿ, 2016ರಲ್ಲಿ ಹಿಂದಕ್ಕೆ ಪಡೆಯಿತು. 2017ರಲ್ಲಿ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳತ್ವದಲ್ಲಿ ಜನ ಹೋರಾಟ ಮಾಡಿದರು; ಅದೇ ವರ್ಷ ರಕ್ಷಣೆ ಮರಳಿ ಬಂತು. 2019ರಲ್ಲಿ ಸುಮಾರು 244 ಚದರ ಕಿ.ಮೀ. ಪ್ರದೇಶ ವನ್ಯಜೀವಿ ಧಾಮವಾಯಿತು.

ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಕೆರೆಯಲ್ಲಿ ವಿಶ್ರಾಂತಿ, ಸುತ್ತಲಿನ ಹೊಲದಲ್ಲಿ ಮೇವು. 2024ರಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಪಟ್ಟಿಗೆ ಸೇರಿತು. ಅದೇ ವರ್ಷ ಉತ್ತರ ಕನ್ನಡದ ಅಘನಾಶಿನಿ ಅಳಿವೆಯೂ ಸೇರಿತು. ಕಡಲ ದಂಡೆಯ ಅಳಿವೆ, ಬಯಲುಸೀಮೆಯ ಕೆರೆ ಎರಡೂ ಒಂದೇ ಪಟ್ಟಿಯಲ್ಲಿ!

ನಾವು ಏನು ಮಾಡಬಹುದು? ಗುಡ್ಡಕ್ಕೆ ಬೆಂಕಿ ಹಚ್ಚುವವರಿಗೆ "ಬ್ಯಾಡ್ರಿ" ಎನ್ನೋಣ. ಕೆರೆಯಲ್ಲಿ ಕಸ ಚೆಲ್ಲದಿರೋಣ. ಹೊಲದ ಒಡ್ಡು ಒಡೆದಿದ್ದರೆ ಮಳೆಗೆ ಮುಂಚೆ ಕಟ್ಟಿಸಲು ಮನೆಯವರಿಗೆ ಹೇಳೋಣ. ಕಡಿಮೆ ಮಳೆಯ ನಾಡಿನಲ್ಲಿ ಒಂದು ಹನಿಯೂ ದೊಡ್ಡದು.

ಹೇಳಿ ನೋಡೋಣ:
1. ಕಾರವಾರಕ್ಕೆ ಹೆಚ್ಚು ಮಳೆ, ಗದಗಿಗೆ ಕಡಿಮೆ. ಯಾಕೆ?
2. ಮಲಪ್ರಭೆ ಯಾವ ದಿಕ್ಕಿಗೆ ಹರಿಯುತ್ತಾಳೆ? ನಕಾಶೆಯಲ್ಲಿ ಹುಡುಕಿರಿ.